ಸ್ಟಾಕ್ ಕಾರಿನಲ್ಲಿ ಕಾಲು ಮೈಲಿ: ಡ್ರ್ಯಾಗ್ ಟ್ರ್ಯಾಕ್‌ಗೆ ಮೊದಲ ಬಾರಿ ಹೋಗುವವರಿಗೆ ಮಾರ್ಗದರ್ಶಿ

ಅಮೆರಿಕದಲ್ಲಿ ನೆಲೆಸಿರುವ ಕನ್ನಡದ ಓದುಗರಿಂದ, ಅದರಲ್ಲೂ ಓದಿಗೋ ಕೆಲಸಕ್ಕೋ ಹೋಗಿ ಅಲ್ಲಿಯೇ ಮೊದಲ ಕಾರು ಕೊಂಡವರಿಂದ, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ತಮ್ಮ ಬಳಿ ಇರುವುದು ಹೋಂಡಾ ಸಿವಿಕ್, ಟೊಯೊಟಾ ಕೊರೊಲ್ಲಾ ಅಥವಾ ಮಾಜ್ಡಾ 3ರಂತಹ ಸಣ್ಣ ಕಾರು. ಅದಕ್ಕೆ ಯಾವ ಮಾರ್ಪಾಡನ್ನೂ ಮಾಡಿಸಿಲ್ಲ. ಅದನ್ನು ಡ್ರ್ಯಾಗ್ ಟ್ರ್ಯಾಕ್‌ಗೆ ಒಯ್ದು ಓಡಿಸಬಹುದೇ, ಒಯ್ಯುವುದಾದರೆ ಏನೇನು ತಿಳಿದಿರಬೇಕು ಎಂಬುದೇ ಆ ಪ್ರಶ್ನೆ. ಖಂಡಿತ ಒಯ್ಯಬಹುದು. ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿಯೇ ಇರುವ ಕಾರನ್ನು ‘ಸ್ಟಾಕ್’ ಕಾರು ಎನ್ನುತ್ತಾರೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಕಾರು ಇಲ್ಲವೆಂದು ನಾನು ನಂಬಿದ್ದೇನೆ. ಶಕ್ತಿ ಕಡಿಮೆಯಿರುವುದರಿಂದ ಅಪಾಯವೂ ಕಡಿಮೆ. ಕಾರು ಪ್ರತಿ ಸಲವೂ ಒಂದೇ ರೀತಿ ವರ್ತಿಸುವುದರಿಂದ, ಸಮಯದಲ್ಲಾಗುವ ಹೆಚ್ಚುಕಡಿಮೆ ಬಹುಮಟ್ಟಿಗೆ ಚಾಲಕರ ಕೈಗುಣದಿಂದಲೇ ಬಂದಿರುತ್ತದೆ.

ಡ್ರ್ಯಾಗ್ ರೇಸ್ ಎಂದರೆ ನಿಂತ ಸ್ಥಿತಿಯಿಂದ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿ, ಅಂದರೆ 1320 ಅಡಿ ಅಥವಾ ಸುಮಾರು 402 ಮೀಟರ್ ದೂರವನ್ನು ಕ್ರಮಿಸುವುದು. ಕೆಲವು ಟ್ರ್ಯಾಕ್‌ಗಳಲ್ಲಿ ಇದರ ಅರ್ಧದಷ್ಟು, ಅಂದರೆ 660 ಅಡಿ ಓಡಿಸುತ್ತಾರೆ. ಸಾರ್ವಜನಿಕರು ತಮ್ಮ ಸ್ವಂತ ವಾಹನಗಳನ್ನು ತಂದು ಓಡಿಸಲು ಅವಕಾಶವಿರುವ ದಿನಗಳನ್ನು ‘ಟೆಸ್ಟ್ ಅಂಡ್ ಟ್ಯೂನ್’ ಎಂದು ಕರೆಯುತ್ತಾರೆ. ಅಲ್ಲಿ ಗೆಲುವು ಸೋಲಿನ ಲೆಕ್ಕವಿಲ್ಲ. ಪ್ರವೇಶ ಶುಲ್ಕ ಕೊಟ್ಟು, ಸರದಿ ಬಂದಾಗಲೆಲ್ಲ ಓಡಿಸಿ, ಸಮಯದ ಚೀಟಿ ಪಡೆಯುವುದಷ್ಟೇ. ಮೊದಲ ಬಾರಿ ಹೋಗುವವರು ಇಂತಹ ದಿನವನ್ನೇ ಆರಿಸಿಕೊಳ್ಳಬೇಕು.

ಇದನ್ನು ಬೀದಿಯಲ್ಲಿ ಪ್ರಯತ್ನಿಸಬೇಡಿ. ಕ್ಯಾಲಿಫೋರ್ನಿಯಾದಲ್ಲಿ ರಸ್ತೆಯ ಮೇಲೆ ವೇಗದ ಪಂದ್ಯ ನಡೆಸಿದವರನ್ನು ಬಂಧಿಸಿದಾಗ ಕಾರನ್ನು 30 ದಿನಗಳವರೆಗೆ ಜಪ್ತಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ. ಅದಕ್ಕಿಂತ ದೊಡ್ಡ ಕಾರಣವೆಂದರೆ, ರಸ್ತೆಯಲ್ಲಿ ಆ ಪಂದ್ಯಕ್ಕೆ ಸಂಬಂಧವೇ ಇಲ್ಲದ ಜನರಿರುತ್ತಾರೆ. ಟ್ರ್ಯಾಕ್‌ನಲ್ಲಿ ಎರಡೂ ಕಡೆ ತಡೆಗೋಡೆ, ನಿಲ್ಲಿಸಲು ಉದ್ದವಾದ ಜಾಗ, ಪಕ್ಕದಲ್ಲೇ ರಕ್ಷಣಾ ಸಿಬ್ಬಂದಿ ಇರುತ್ತಾರೆ.

1. ಟ್ರ್ಯಾಕ್, ನಿಯಮ ಮತ್ತು ಕಾಗದಪತ್ರ

ಮೊದಲು ನಿಮ್ಮ ಊರಿಗೆ ಹತ್ತಿರದ ಟ್ರ್ಯಾಕ್ ಯಾವುದೆಂದು ನೋಡಿಕೊಳ್ಳಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತ ಇರುವವರಿಗೆ ಸೊನೋಮಾ ರೇಸ್‌ವೇ, ಡಲ್ಲಾಸ್ ಕಡೆಯವರಿಗೆ ಎನ್ನಿಸ್‌ನಲ್ಲಿರುವ ಟೆಕ್ಸಸ್ ಮೋಟರ್‌ಪ್ಲೆಕ್ಸ್, ಷಿಕಾಗೋದವರಿಗೆ ಜೋಲಿಯೆಟ್‌ನ ರೂಟ್ 66 ರೇಸ್‌ವೇ, ಸಿಯಾಟಲ್‌ನವರಿಗೆ ಕೆಂಟ್‌ನ ಪೆಸಿಫಿಕ್ ರೇಸ್‌ವೇಸ್ ಇವೆ. ಹಳೆಯ ಪಟ್ಟಿಗಳನ್ನು ನಂಬಿ ಹೊರಡಬೇಡಿ. ನ್ಯೂಜೆರ್ಸಿಯ ಇಂಗ್ಲಿಷ್‌ಟೌನ್‌ನಲ್ಲಿ 2018ರಲ್ಲಿಯೇ ಡ್ರ್ಯಾಗ್ ರೇಸ್ ನಿಂತುಹೋಯಿತು. ಹ್ಯೂಸ್ಟನ್ ಮತ್ತು ಡೆನ್ವರ್ ಬಳಿಯ ಹೆಸರಾಂತ ಟ್ರ್ಯಾಕ್‌ಗಳು 2023ರಲ್ಲಿ ಮುಚ್ಚಿದವು. ಆಯಾ ಟ್ರ್ಯಾಕ್‌ನ ಈ ವರ್ಷದ ವೇಳಾಪಟ್ಟಿಯನ್ನು ನೋಡಿ, ಮಳೆಯ ಮುನ್ಸೂಚನೆಯನ್ನೂ ಗಮನಿಸಿಯೇ ಹೊರಡಬೇಕು. ನೆಲ ಒದ್ದೆಯಾದರೆ ಓಟ ನಡೆಯುವುದಿಲ್ಲ.

ಬಹುಪಾಲು ಟ್ರ್ಯಾಕ್‌ಗಳು 1951ರಲ್ಲಿ ವಾಲಿ ಪಾರ್ಕ್ಸ್ ಸ್ಥಾಪಿಸಿದ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್‌ನ, ಅಂದರೆ ಎನ್‌ಎಚ್‌ಆರ್‌ಎಯ, ಸುರಕ್ಷತಾ ನಿಯಮಗಳನ್ನು ಅನುಸರಿಸುತ್ತವೆ. ಅದರ ಪ್ರಕಾರ ಕಾಲು ಮೈಲಿಯನ್ನು 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಮುಗಿಸುವ ಕಾರಿನ ಚಾಲಕರಿಗೆ ಹೆಲ್ಮೆಟ್ ಕಡ್ಡಾಯ. ಸಾಮಾನ್ಯ ಸ್ಟಾಕ್ ಸಿವಿಕ್ ಅಥವಾ ಕೊರೊಲ್ಲಾ 16ರಿಂದ 17 ಸೆಕೆಂಡಿನ ಆಸುಪಾಸಿನಲ್ಲಿ ಓಡುತ್ತದೆ. 200 ಅಶ್ವಶಕ್ತಿಯ ಸಿವಿಕ್ ಎಸ್‌ಐ 15 ಸೆಕೆಂಡಿನ ಸುತ್ತಮುತ್ತ ಬರುತ್ತದೆ. ಹೀಗಾಗಿ ನಿಯಮ ನಿಮ್ಮನ್ನು ಒತ್ತಾಯಿಸದೆ ಇರಬಹುದು. ಆದರೂ ಸ್ನೆಲ್ ಸಂಸ್ಥೆಯ ಪ್ರಮಾಣಮುದ್ರೆಯಿರುವ ಹೆಲ್ಮೆಟ್ ಧರಿಸಿಯೇ ಓಡಿಸಿ. ಮೈಮುಚ್ಚುವ ಪ್ಯಾಂಟ್, ತೋಳಿರುವ ಅಂಗಿ, ಕಾಲ್ಚೀಲ ಮತ್ತು ಮುಚ್ಚಿದ ಬೂಟು ಬೇಕೇ ಬೇಕು. ಚಪ್ಪಲಿ ಹಾಕಿಕೊಂಡು ಹೋದವರನ್ನು ಹಿಂದಕ್ಕೆ ಕಳಿಸುತ್ತಾರೆ. ಚಾಲನಾ ಪರವಾನಗಿ ಜೊತೆಯಲ್ಲಿರಲಿ.

ವಿಮೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ದಿನಬಳಕೆಯ ಕಾರಿನ ವಿಮಾ ಪಾಲಿಸಿಗಳು ಸಾಮಾನ್ಯವಾಗಿ ರೇಸ್ ನಡೆಯುವ ಜಾಗದಲ್ಲಾದ ಹಾನಿಗೆ ಹಣ ಕೊಡುವುದಿಲ್ಲ. ರೇಸ್‌ನಲ್ಲಿ ಕೆಟ್ಟ ಭಾಗಗಳಿಗೆ ವಾರಂಟಿ ನಿರಾಕರಿಸುವ ಹಕ್ಕನ್ನೂ ಕಾರು ಕಂಪನಿಗಳು ಷರತ್ತಿನಲ್ಲಿ ಬರೆದಿರುತ್ತವೆ. ಎರಡನ್ನೂ ಓದಿ, ನಷ್ಟವಾದರೆ ಅದು ನಿಮ್ಮದೇ ಎಂದು ಒಪ್ಪಿಕೊಂಡ ಮೇಲೆ ಮಾತ್ರ ಮುಂದಿನ ಹೆಜ್ಜೆ ಇಡಿ. ಬಾಡಿಗೆಗೆ ತಂದ ಕಾರನ್ನಂತೂ ಯಾವ ಕಾರಣಕ್ಕೂ ಒಯ್ಯಬೇಡಿ. ಅದು ಬಾಡಿಗೆ ಕರಾರಿನ ನೇರ ಉಲ್ಲಂಘನೆ.

2. ಕಾರಿನ ಸಿದ್ಧತೆ ಮತ್ತು ತಪಾಸಣೆ

ಟ್ರ್ಯಾಕ್‌ನ ಒಳಗೆ ಹೋದ ಕೂಡಲೇ ಒಂದು ಅರ್ಜಿ ತುಂಬಿಸಿಕೊಂಡು, ಸಿಬ್ಬಂದಿ ನಿಮ್ಮ ಕಾರನ್ನು ಪರೀಕ್ಷಿಸುತ್ತಾರೆ. ಇದಕ್ಕೆ ‘ಟೆಕ್ ಇನ್‌ಸ್ಪೆಕ್ಷನ್’ ಎಂದು ಹೆಸರು. ಎಣ್ಣೆಯಾಗಲಿ ಕೂಲೆಂಟ್ ಆಗಲಿ ಸೋರುತ್ತಿರಬಾರದು, ಬ್ಯಾಟರಿ ಅಲುಗಾಡದಂತೆ ಬಿಗಿಯಾಗಿರಬೇಕು, ಚಕ್ರದ ನಟ್‌ಗಳೆಲ್ಲ ಇದ್ದು ಬಿಗಿಯಾಗಿರಬೇಕು, ಟೈರ್ ಸವೆದು ತಂತಿ ಕಾಣಿಸುತ್ತಿರಬಾರದು, ಸೀಟ್‌ಬೆಲ್ಟ್ ಮತ್ತು ಬ್ರೇಕ್ ದೀಪ ಕೆಲಸ ಮಾಡಬೇಕು. ಪ್ಲಾಸ್ಟಿಕ್ ವೀಲ್ ಕ್ಯಾಪ್‌ಗಳನ್ನು ಮನೆಯಲ್ಲಿಯೇ ಬಿಚ್ಚಿಟ್ಟು ಬನ್ನಿ. ಒಳಗೆ ಸಡಿಲವಾಗಿರುವ ನೀರಿನ ಬಾಟಲಿ, ಚಾರ್ಜರ್, ಕೊಡೆ ಎಲ್ಲವನ್ನೂ ತೆಗೆದುಬಿಡಿ. ಚಾಲಕರ ಕಾಲಡಿಯ ಮ್ಯಾಟ್ ಜರುಗಿ ಪೆಡಲ್‌ನ ಕೆಳಗೆ ಸಿಕ್ಕಿಕೊಳ್ಳುವುದು ನಿಜವಾದ ಅಪಾಯವಾದ್ದರಿಂದ ಅದನ್ನೂ ತೆಗೆಯಿರಿ. ಪೆಟ್ರೋಲ್ ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚಿದ್ದರೆ ಸಾಕು. ಸ್ಟೆಪ್ನಿ ಮತ್ತು ಜಾಕ್ ತೆಗೆದರೆ ತೂಕ ಕಡಿಮೆಯಾಗುವುದು ನಿಜ. ಆದರೆ ಸುಮಾರು 45 ಕಿಲೋ ಇಳಿಸಿದರೆ ಕಾಲು ಮೈಲಿಯಲ್ಲಿ 0.1 ಸೆಕೆಂಡ್ ಉಳಿಯಬಹುದಷ್ಟೇ. ಆರಂಭದಲ್ಲಿ ಒಂದು ಓಟಕ್ಕೂ ಇನ್ನೊಂದಕ್ಕೂ ನಿಮ್ಮ ಸಮಯ ಅದಕ್ಕಿಂತ ಹೆಚ್ಚು ಏರುಪೇರಾಗುತ್ತಿರುತ್ತದೆ. ಹಿಂದಿನ ಸೀಟು ಬಿಚ್ಚುವ ಗೋಜಿಗೆ ಹೋಗಬೇಡಿ.

ಹಾಗೆಯೇ ಹೊಸ ಏರ್ ಫಿಲ್ಟರ್, ಸೈಲೆನ್ಸರ್ ಮುಂತಾದವುಗಳಿಗೆ ಹಣ ಸುರಿಯುವುದನ್ನು ಕನಿಷ್ಠ ಮೊದಲ ಋತುವಿನ ಮಟ್ಟಿಗಾದರೂ ಮುಂದೂಡಿ. ನಿಮ್ಮ ಕೈಯಿಂದ ಎಷ್ಟು ಸಮಯ ಉಳಿಸಬಹುದೆಂದು ತಿಳಿಯುವ ಮೊದಲೇ ಬಿಡಿಭಾಗ ಹಾಕಿದರೆ, ಸಮಯ ಇಳಿದದ್ದು ಯಾವುದರಿಂದ ಎಂದು ಹೇಳಲು ಸಾಧ್ಯವೇ ಆಗುವುದಿಲ್ಲ.

3. ಟೈರ್‌ನ ಗಾಳಿ

ಈ ಕಾರುಗಳಲ್ಲಿ ಎಂಜಿನ್‌ನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತದೆ. ನಿಂತ ಬಸ್ಸು ಒಮ್ಮೆಲೇ ಹೊರಟಾಗ ಒಳಗೆ ನಿಂತವರೆಲ್ಲ ಹಿಂದಕ್ಕೆ ವಾಲುವಂತೆ, ಕಾರು ಹೊರಡುವಾಗ ಅದರ ಭಾರವೂ ಹಿಂಚಕ್ರಗಳ ಮೇಲೆ ವಾಲುತ್ತದೆ. ಎಳೆಯಬೇಕಾದ ಮುಂಚಕ್ರಗಳು ಹಗುರಾಗಿ, ಹಿಡಿತ ತಪ್ಪಿ ಸುಮ್ಮನೆ ಸುತ್ತುತ್ತವೆ. ಇದನ್ನು ‘ವೀಲ್‌ಸ್ಪಿನ್’ ಎನ್ನುತ್ತಾರೆ. ಮುಂಭಾಗದ ಟೈರ್‌ಗಳ ಗಾಳಿಯನ್ನು ಸ್ವಲ್ಪ ಇಳಿಸಿದರೆ ನೆಲಕ್ಕೆ ತಾಗುವ ಭಾಗ ಹೆಚ್ಚಿ ಹಿಡಿತ ಸುಧಾರಿಸುತ್ತದೆ.

ಚಾಲಕರ ಬಾಗಿಲಿನ ಪಕ್ಕದ ಚೀಟಿಯಲ್ಲಿ ಗಾಳಿಯ ಒತ್ತಡ 33 ಪಿಎಸ್‌ಐ ಎಂದಿದ್ದರೆ, ಮೊದಲು ಒಂದೆರಡು ಓಟ ಅದರಲ್ಲಿಯೇ ಓಡಿಸಿ, ಆಮೇಲೆ ಮುಂದಿನವನ್ನು 30ಕ್ಕೆ, ನಂತರ ಬೇಕೆನಿಸಿದರೆ 28ಕ್ಕೆ ಇಳಿಸಿ ನೋಡಿ. ರಸ್ತೆಗೆಂದು ಮಾಡಿದ ಟೈರ್‌ನಲ್ಲಿ ಅದಕ್ಕಿಂತ ಕೆಳಗೆ ಹೋಗುವ ಅಗತ್ಯ ಕಾಣುವುದಿಲ್ಲ. ತೀರ ಇಳಿಸಿದರೆ ಟೈರ್‌ನ ಪಕ್ಕದ ಗೋಡೆ ಮಡಚಿ ಕಾರು ತೂಗಾಡುತ್ತದೆ. ಹಿಂದಿನ ಟೈರ್‌ಗಳನ್ನು ಹಾಗೆಯೇ ಬಿಡಿ. ಟೈರ್ ಬಿಸಿಯಾದಾಗ ಒತ್ತಡವೂ ಏರುತ್ತದೆ: ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗೆ 1 ಪಿಎಸ್‌ಐಯಷ್ಟು. ಆದ್ದರಿಂದ ಹೆದ್ದಾರಿಯಲ್ಲಿ ಬಂದ ಬಿಸಿಯಲ್ಲೇ ಅಳೆದು ಇಳಿಸಬೇಡಿ, ತಣಿಯಲು ಬಿಡಿ. ಒಳ್ಳೆಯ ಒತ್ತಡಮಾಪಕ ಮತ್ತು ಸಣ್ಣ ವಿದ್ಯುತ್ ಪಂಪು ನಿಮ್ಮದೇ ಇರಲಿ.

4. ಸಾಲಿನಿಂದ ಆರಂಭದ ಗೆರೆಯವರೆಗೆ

ಸಾಲಿನಲ್ಲಿ ಕಾಯುವಾಗ ಏಸಿ ಆರಿಸಿರಿ. ಏಸಿಯಿಂದ ತೊಟ್ಟಿಕ್ಕುವ ನೀರು ಆರಂಭದ ಗೆರೆಯ ಬಳಿ ಬಿದ್ದರೆ ನಿಮಗೂ ನಿಮ್ಮ ಹಿಂದಿನವರಿಗೂ ಹಿಡಿತ ತಪ್ಪುತ್ತದೆ. ಬೇಸಗೆಯಲ್ಲಿ ಬರುವ ಹೊಸಬರು ಇದನ್ನು ಮರೆಯುತ್ತಾರೆ, ಸಿಬ್ಬಂದಿ ಗದರಿಸುವುದೂ ಇದಕ್ಕೇ.

ಗೆರೆಗೆ ಸ್ವಲ್ಪ ಹಿಂದೆ ನೀರು ನಿಂತಿರುವ ಜಾಗವಿರುತ್ತದೆ. ರೇಸ್‌ಗೆಂದೇ ಮಾಡಿದ ನುಣುಪು ಟೈರ್‌ನವರು ಅಲ್ಲಿ ಚಕ್ರ ತಿರುಗಿಸಿ ರಬ್ಬರನ್ನು ಬಿಸಿ ಮಾಡಿಕೊಳ್ಳುತ್ತಾರೆ. ನಿಮ್ಮ ಟೈರ್‌ನಲ್ಲಿ ಗೀರುಗಳಿರುವುದರಿಂದ ನೀರು ಅವುಗಳೊಳಗೆ ಸೇರಿಕೊಂಡು ಗೆರೆಯವರೆಗೂ ಬರುತ್ತದೆ. ಆ ನೀರಿಗೆ ಇಳಿಯದೆ ಪಕ್ಕದಿಂದ ಬನ್ನಿ, ಸಿಬ್ಬಂದಿ ದಾರಿ ತೋರಿಸುತ್ತಾರೆ. ನಂತರ ಒಣ ನೆಲದ ಮೇಲೆ ಒಂದು ಕ್ಷಣ ಚಕ್ರ ತಿರುಗಿಸಿದರೆ ಟೈರ್‌ಗೆ ಅಂಟಿದ ಮರಳು ಉದುರುತ್ತದೆ, ಅಷ್ಟೇ ಸಾಕು. ಲೇನ್‌ನ ನಡುವೆ ಎರಡು ಕಪ್ಪು ಪಟ್ಟೆಗಳು ಕಾಣುತ್ತವೆ. ಹಿಡಿತಕ್ಕಾಗಿ ಅಂಟು ದ್ರಾವಣ ಸಿಂಪಡಿಸಿ ರಬ್ಬರ್ ಕೂರಿಸಿದ ಜಾಗ ಅದು. ಚಕ್ರಗಳು ಅದರ ಮೇಲೆಯೇ ಇರುವಂತೆ ಕಾರನ್ನು ನೇರಗೊಳಿಸಿ.

5. ದೀಪಗಳನ್ನು ಅರಿಯುವುದು

ಎರಡು ಲೇನ್‌ಗಳ ನಡುವಿನ ದೀಪದ ಕಂಬಕ್ಕೆ ‘ಕ್ರಿಸ್‌ಮಸ್ ಟ್ರೀ’ ಎಂದು ಹೆಸರು. 1963ರಲ್ಲಿ ಇದು ಬಳಕೆಗೆ ಬಂತು. ಎಲ್ಲಕ್ಕಿಂತ ಮೇಲಿನದು ‘ಪ್ರೀ-ಸ್ಟೇಜ್’ ದೀಪ, ಅದರ ಕೆಳಗಿನದು ‘ಸ್ಟೇಜ್’ ದೀಪ. ನೆಲಕ್ಕೆ ಸಮೀಪದಲ್ಲಿ ಲೇನ್‌ಗೆ ಅಡ್ಡಲಾಗಿ ಹಾಯುವ ಬೆಳಕಿನ ಕಿರಣವನ್ನು ನಿಮ್ಮ ಮುಂಚಕ್ರ ತಡೆದಾಗ ಇವು ಹತ್ತುತ್ತವೆ. ಎರಡು ಕಿರಣಗಳ ನಡುವಿನ ಅಂತರ 7 ಅಂಗುಲ. ಆದ್ದರಿಂದ ಮೊದಲನೆಯದು ಹತ್ತಿದ ಮೇಲೆ ಬ್ರೇಕ್ ಮೇಲೆ ಕಾಲಿಟ್ಟು ಅಂಗುಲ ಅಂಗುಲವಾಗಿ ಮುಂದೆ ಸರಿಯಬೇಕು. ಕಾರು ನಿಂತಾಗ ಬ್ರೇಕನ್ನು ತಾನೇ ಹಿಡಿದಿಡುವ ‘ಬ್ರೇಕ್ ಹೋಲ್ಡ್’ ಸೌಲಭ್ಯವಿದ್ದರೆ ಆಫ್ ಮಾಡಿಡಿ, ಇಲ್ಲದಿದ್ದರೆ ಈ ಸರಿಯುವಿಕೆ ಜಗ್ಗಾಡುತ್ತದೆ. ಪ್ರೀ-ಸ್ಟೇಜ್ ಹತ್ತಿದ ಮೇಲೆ ಪಕ್ಕದವರೂ ಅಲ್ಲಿಗೆ ಬರುವವರೆಗೆ ಕಾಯುವುದು ಟ್ರ್ಯಾಕ್‌ನ ಸೌಜನ್ಯ. ಸ್ಟೇಜ್ ದೀಪ ಹತ್ತಿದ ತಕ್ಷಣ ನಿಲ್ಲಿ. ಅಲ್ಲಿಂದಲೂ ಮುಂದೆ ಸರಿದರೆ ಗಡಿಯಾರ ಶುರುವಾಗುವ ಮೊದಲು ಚಕ್ರ ಉರುಳಲು ಸಿಗುವ ಸ್ವಲ್ಪ ಜಾಗ ಕಳೆದುಹೋಗಿ ಸಮಯ ಹೆಚ್ಚುತ್ತದೆ.

ಇಬ್ಬರೂ ಸಿದ್ಧರಾದ ಮೇಲೆ ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿನ ಅಂತರದಲ್ಲಿ ಒಂದಾದ ಮೇಲೊಂದು ಹತ್ತಿ, ಕೊನೆಗೆ ಹಸಿರು ಬರುತ್ತದೆ. ಹಸಿರಿಗೆ ಮೊದಲೇ ಚಕ್ರ ಕಿರಣವನ್ನು ದಾಟಿದರೆ ಕೆಂಪು. ಹಸಿರನ್ನು ಕಂಡು ಹೊರಟರೆ ತಡವಾಗುವುದರಿಂದ, ಅನುಭವಿಗಳು ಮೂರನೆಯ ಹಳದಿ ಹತ್ತಿದ ಕ್ಷಣವೇ ಹೊರಡುತ್ತಾರೆ. ಕಾರು ಕದಲುವಷ್ಟರಲ್ಲಿ ಹಸಿರು ಬಂದಿರುತ್ತದೆ.

ಓದುಗರಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವ ವಿಷಯವೊಂದು ಇಲ್ಲಿದೆ. ಓಟದ ಸಮಯವನ್ನು ಅಳೆಯುವ ಗಡಿಯಾರ ಹಸಿರು ದೀಪದಿಂದ ಶುರುವಾಗುವುದಿಲ್ಲ. ನಿಮ್ಮ ಚಕ್ರ ಗೆರೆಯ ಕಿರಣವನ್ನು ಬಿಟ್ಟಾಗ ಶುರುವಾಗುತ್ತದೆ. ಹಸಿರು ಬಂದು ಎರಡು ಸೆಕೆಂಡ್ ತಡವಾಗಿ ಹೊರಟರೂ ನಿಮ್ಮ ಕಾಲು ಮೈಲಿಯ ಸಮಯ ಒಂದಿಷ್ಟೂ ಕೆಡುವುದಿಲ್ಲ. ಆದ್ದರಿಂದ ಮೊದಲ ಕೆಲವು ಓಟಗಳಲ್ಲಿ ದೀಪದ ಜೊತೆ ಪೈಪೋಟಿಗೆ ಇಳಿಯದೆ, ಹಸಿರು ಬಂದ ಮೇಲೆ ಸಾವಧಾನವಾಗಿ, ಸರಿಯಾಗಿ ಹೊರಡುವುದನ್ನು ಮಾತ್ರ ಅಭ್ಯಾಸ ಮಾಡಿ.

6. ಹೊರಡುವುದು

ಇಡೀ ವಿದ್ಯೆಯ ತಿರುಳು ಮೊದಲ 60 ಅಡಿಗಳಲ್ಲಿದೆ. ಅಲ್ಲಿ 0.1 ಸೆಕೆಂಡ್ ಉಳಿಸಿದರೆ ಕೊನೆಯಲ್ಲಿ ಅದರ ಸುಮಾರು ಒಂದೂವರೆ ಪಟ್ಟು ಉಳಿಯುತ್ತದೆ. ಏಕೆಂದರೆ ಬೇಗ ಪಡೆದ ವೇಗ ಉಳಿದ ದಾರಿಯುದ್ದಕ್ಕೂ ನಿಮ್ಮ ಜೊತೆಗಿರುತ್ತದೆ.

ಕ್ಲಚ್ ಇರುವ ಕಾರಾದರೆ, ಮೊದಲ ಗೇರಿನಲ್ಲಿ ಎಂಜಿನನ್ನು 2500 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಆಸುಪಾಸಿನಲ್ಲಿ ಸ್ಥಿರವಾಗಿ ನಿಲ್ಲಿಸಿ. ಕ್ಲಚ್ ಹಿಡಿಯಲು ಶುರುವಾಗುವ ಜಾಗದವರೆಗೆ ಬೇಗ ಬಿಟ್ಟು, ಅಲ್ಲಿಂದ ಮುಂದೆ ಸುಮಾರು ಒಂದು ಸೆಕೆಂಡಿನಲ್ಲಿ ಪೂರ್ತಿ ಬಿಡುತ್ತಾ, ಅದೇ ಹೊತ್ತಿಗೆ ಆಕ್ಸಿಲರೇಟರ್ ಅನ್ನು ಏರಿಸುತ್ತಾ ಹೋಗಿ. ಟೈರ್ ಕಿರುಗುಟ್ಟುವ ಸದ್ದು ಸಣ್ಣಗೆ ಬರುತ್ತಿದ್ದರೆ ಸರಿ. ಕಿರುಚಿಕೊಂಡು ಹೊಗೆ ಬಂದರೆ ಶಕ್ತಿ ಪೋಲಾಗುತ್ತಿದೆ, ಎಂಜಿನ್ ಉಸಿರುಗಟ್ಟಿದಂತೆ ಕುಸಿದರೆ ಆರ್‌ಪಿಎಂ ಸಾಲದು. ಮುಂದಿನ ಓಟದಲ್ಲಿ 300 ಆರ್‌ಪಿಎಂ ಹೆಚ್ಚು ಅಥವಾ ಕಡಿಮೆ ಮಾಡಿ ನೋಡಿ. ಕಾಲನ್ನು ಕ್ಲಚ್‌ನಿಂದ ಒಮ್ಮೆಗೇ ಜಾರಿಸಿ ಬಿಡುವುದು ಸಾಹಸದಂತೆ ಕಾಣುತ್ತದೆ, ಆದರೆ ಅದರಿಂದ ಸಮಯವೂ ಉಳಿಯದು, ಆಕ್ಸಲ್ ಮುರಿಯುವ ಸಾಧ್ಯತೆಯೂ ಇರುತ್ತದೆ.

ಮಾಮೂಲಿ ಆಟೊಮ್ಯಾಟಿಕ್ ಆದರೆ ಎಡಗಾಲಿನಿಂದ ಬ್ರೇಕ್ ಹಿಡಿದು, ಬಲಗಾಲಿನಿಂದ ಎಂಜಿನನ್ನು 1500ರಿಂದ 2000 ಆರ್‌ಪಿಎಂವರೆಗೆ ಒಂದೆರಡು ಸೆಕೆಂಡ್ ಮಾತ್ರ ಏರಿಸಿ, ಬ್ರೇಕ್ ಬಿಟ್ಟು ಹೊರಡಬಹುದು. ಈಚಿನ ಅನೇಕ ಕಾರುಗಳು ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಎಂಜಿನ್ ಶಕ್ತಿಯನ್ನೇ ತಡೆಯುತ್ತವೆ. ಹಾಗಿದ್ದರೆ ಈ ಪ್ರಯತ್ನ ಬಿಡಿ. ಗೇರುಗಳ ಬದಲು ಬೆಲ್ಟ್ ಮೇಲೆ ನಡೆಯುವ ಸಿವಿಟಿ ಕಾರಿನಲ್ಲಂತೂ ಬ್ರೇಕ್ ಹಿಡಿದು ಎಂಜಿನ್ ಏರಿಸಲೇಬಾರದು. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಆಯಿತು.

ಚಕ್ರ ಸುತ್ತುವುದನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಅನ್ನು ಮೊದಲ ಓಟಗಳಲ್ಲಿ ಆಫ್ ಮಾಡಬೇಡಿ. ಆಮೇಲೆ ಆಫ್ ಮಾಡಿ ಓಡಿಸಿ, 60 ಅಡಿಯ ಸಮಯವನ್ನು ಹೋಲಿಸಿ ನೋಡಿ. ಯಾವುದು ಒಳ್ಳೆಯದೆಂಬುದು ಕಾರಿನಿಂದ ಕಾರಿಗೆ ಬೇರೆ.

7. ಗೇರ್ ಬದಲಾವಣೆ

ಎಂಜಿನ್ ಮಿತಿಗೆ ತಾಗಿ ತಡವರಿಸುವ ಮೊದಲು, ಆರ್‌ಪಿಎಂ ಮಾಪಕದ ಕೆಂಪು ಗೆರೆಗೆ ತುಸು ಕೆಳಗೆ ಬದಲಿಸಿ. ಕ್ಲಚ್ ಒತ್ತದೆ ಅಥವಾ ಆಕ್ಸಿಲರೇಟರ್ ಬಿಡದೆ ಗೇರ್ ತಳ್ಳುವುದನ್ನು ಸ್ಟಾಕ್ ಗೇರ್‌ಬಾಕ್ಸ್‌ನಲ್ಲಿ ಮಾಡಬೇಡಿ. ಎಲ್ಲಕ್ಕಿಂತ ದುಬಾರಿಯಾದ ತಪ್ಪೆಂದರೆ ಮೂರರಿಂದ ನಾಲ್ಕಕ್ಕೆ ಹೋಗುವ ಬದಲು ಅವಸರದಲ್ಲಿ ಎರಡಕ್ಕೆ ಹಾಕುವುದು. ಚಕ್ರಗಳು ಎಂಜಿನನ್ನು ಮಿತಿಮೀರಿ ತಿರುಗಿಸಿ ವಾಲ್ವ್‌ಗಳನ್ನೇ ಬಾಗಿಸಿಬಿಡಬಹುದು. ಗೇರ್ ಕಡ್ಡಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎಳೆಯದೆ, ಅಂಗೈಯಿಂದ ನೇರಕ್ಕೆ ತಳ್ಳಿ ಅಥವಾ ಎಳೆಯಿರಿ.

8. ಕೊನೆಯ ಗೆರೆ ದಾಟಿದ ಮೇಲೆ

ಆಕ್ಸಿಲರೇಟರ್‌ನಿಂದ ಕಾಲನ್ನು ನಿಧಾನವಾಗಿ ತೆಗೆದು, ಕಾರು ನೇರವಿರುವಾಗಲೇ ಹದವಾಗಿ ಬ್ರೇಕ್ ಹಾಕಿ. ಪಕ್ಕದ ಕಾರು ಎಲ್ಲಿದೆ ಎಂದು ಖಚಿತವಾಗದ ಹೊರತು ಹೊರದಾರಿಗೆ ತಿರುಗಬೇಡಿ. ಅದರ ಮುಂದೆ ಅಡ್ಡಬರುವುದು ಟ್ರ್ಯಾಕ್‌ನಲ್ಲಿ ನಡೆಯಬಹುದಾದ ಅತಿ ಕೆಟ್ಟ ತಪ್ಪುಗಳಲ್ಲೊಂದು. ಟ್ರ್ಯಾಕ್ ಮೇಲೆ ಎಂದಿಗೂ ಹಿಂದಕ್ಕೆ ತಿರುಗಿ ಬರಬಾರದು. ನಡುವೆ ಏನಾದರೂ ಸೋರುವ ವಾಸನೆ ಬಂದರೆ, ಸದ್ದು ಕೇಳಿದರೆ, ಗೋಡೆಯ ಬದಿಗೆ ಸರಿದು ನಿಲ್ಲಿ.

9. ಚೀಟಿಯನ್ನು ಓದುವುದು

ವಾಪಸ್ ಬರುವ ದಾರಿಯಲ್ಲಿ ಒಂದು ಗೂಡಿನಲ್ಲಿ ಸಮಯದ ಚೀಟಿ ಕೊಡುತ್ತಾರೆ. ಉದಾಹರಣೆಗೆ ಒಂದು ಚೀಟಿ ಹೀಗಿದೆ ಎನ್ನಿ: ಪ್ರತಿಕ್ರಿಯೆ 0.412, 60 ಅಡಿ 2.41, 330 ಅಡಿ 6.75, 660 ಅಡಿ 10.40, 1000 ಅಡಿ 13.50; 1320 ಅಡಿ 16.10, ವೇಗ ಗಂಟೆಗೆ 86 ಮೈಲಿ, ಅಂದರೆ ಸುಮಾರು 138 ಕಿ.ಮೀ.

ಪ್ರತಿಕ್ರಿಯೆಯ ಅಂಕಿ ಹಸಿರು ಬಂದ ಮೇಲೆ ನೀವು ಹೊರಡಲು ತೆಗೆದುಕೊಂಡ ಹೊತ್ತು, 0.000 ಪರಿಪೂರ್ಣ. ಉಳಿದವೆಲ್ಲ ನೀವು ಹೊರಟ ಕ್ಷಣದಿಂದ ಎಣಿಸಿದವು. ಕೊನೆಯ ವೇಗ ಎನ್ನುವುದು ಅಂತಿಮ 66 ಅಡಿಯ ಸರಾಸರಿ. ಸಮಯ ನಿಮ್ಮ ಆರಂಭ ಮತ್ತು ಹಿಡಿತವನ್ನು ಹೇಳಿದರೆ, ವೇಗ ಎಂಜಿನ್ ಶಕ್ತಿಯನ್ನು ಹೇಳುತ್ತದೆ. ಎರಡು ಚೀಟಿಗಳಲ್ಲಿ ವೇಗ ಒಂದೇ ಇದ್ದು, 60 ಅಡಿಯ ಅಂಕಿ 2.55ರಿಂದ 2.41ಕ್ಕೆ ಇಳಿದು, ಒಟ್ಟು ಸಮಯವೂ ಇಳಿದಿದ್ದರೆ ನೀವು ಹೊರಡುವುದನ್ನು ಕಲಿತಿದ್ದೀರಿ ಎಂದರ್ಥ. 60 ಅಡಿಯ ಅಂಕಿ ಒಂದೇ ಇದ್ದು ವೇಗ ಗಂಟೆಗೆ ಎರಡು ಮೈಲಿ ಕುಸಿದಿದ್ದರೆ ಎಂಜಿನ್ ಬಿಸಿಯಾಗಿದೆ, ಇಲ್ಲವೇ ಯಾವುದೋ ಗೇರ್ ತಡವಾಗಿದೆ. ಪ್ರತಿ ಚೀಟಿಯ ಹಿಂದೆ ಟೈರ್ ಗಾಳಿ, ಹೊರಟ ಆರ್‌ಪಿಎಂ, ಹೊರಗಿನ ಉಷ್ಣತೆ ಬರೆದಿಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಗಾಳಿಯನ್ನೂ ಆರ್‌ಪಿಎಂ ಅನ್ನೂ ಒಟ್ಟಿಗೆ ಬದಲಿಸಿದವರ ಚೀಟಿ ಏನನ್ನೂ ಕಲಿಸುವುದಿಲ್ಲ.

ಬೇರೆ ಊರಿನವರ ಸಮಯದೊಂದಿಗೆ ಹೋಲಿಸುವಾಗ ಎತ್ತರವನ್ನು ಮರೆಯಬೇಡಿ. ಗಾಳಿಯನ್ನು ಒತ್ತಿ ಒಳಕಳಿಸುವ ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಅಡಿ ಎತ್ತರಕ್ಕೆ ಸುಮಾರು ಶೇಕಡ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿರುವ ಬೆಂಗಳೂರಿನಲ್ಲಿ ಓಡುವ ಕಾರು ಚೆನ್ನೈಯಲ್ಲಿ ಚುರುಕಾಗಿ ಕಾಣುವುದಕ್ಕೂ ಇದೇ ಕಾರಣ.

10. ಎರಡು ಓಟಗಳ ನಡುವೆ

ಬಾನೆಟ್ ತೆರೆದು ಕಾರನ್ನು ತಣಿಯಲು ಬಿಡಿ. ಟರ್ಬೊ ಇರುವ ಕಾರು ಬಿಸಿಯಲ್ಲಿಯೇ ಮತ್ತೆ ಓಡಿದರೆ ಒಳಹೋಗುವ ಗಾಳಿ ಕಾದು ಶಕ್ತಿ ಇಳಿಯುತ್ತದೆ. ಸಿವಿಟಿ ಕಾರು ಸಾಲುಸಾಲಾಗಿ ಓಡಿದರೆ ಅದರ ಎಣ್ಣೆ ಬಿಸಿಯಾಗಿ ಕಾರು ತಾನೇ ಶಕ್ತಿ ತಗ್ಗಿಸಬಹುದು. ಎಚ್ಚರಿಕೆಯ ದೀಪ ಬಂದರೆ ಅಂದಿನ ಓಟ ಅಲ್ಲಿಗೆ ಮುಗಿಯಿತು. ಕ್ಲಚ್ ಸುಟ್ಟ ವಾಸನೆ ಬಂದರೂ ಹಾಗೆಯೇ.

11. ನಂತರ: ಬ್ರಾಕೆಟ್ ರೇಸ್

ನಿಮ್ಮ ಚೀಟಿಗಳು ಒಂದಕ್ಕೊಂದು 0.1 ಸೆಕೆಂಡಿನೊಳಗೆ ಬರತೊಡಗಿದ ಮೇಲೆ ಬ್ರಾಕೆಟ್ ರೇಸ್‌ನಲ್ಲಿ ಭಾಗವಹಿಸಬಹುದು. ಅಲ್ಲಿ ಪ್ರತಿಯೊಬ್ಬರೂ ತಮ್ಮ ಕಾರು ಎಷ್ಟು ಸೆಕೆಂಡಿನಲ್ಲಿ ಓಡುತ್ತದೆಂದು ಮೊದಲೇ ಗಾಜಿನ ಮೇಲೆ ಬರೆಯುತ್ತಾರೆ, ಇದು ‘ಡಯಲ್-ಇನ್’. ನೀವು 16.10 ಎಂದೂ ಎದುರಾಳಿ 12.10 ಎಂದೂ ಬರೆದಿದ್ದರೆ ನಿಮಗೆ 4 ಸೆಕೆಂಡ್ ಮೊದಲೇ ಹಸಿರು ಸಿಗುತ್ತದೆ. ಬರೆದದ್ದಕ್ಕಿಂತ ಬೇಗ ಓಡಿದರೆ ‘ಬ್ರೇಕ್‌ಔಟ್’ ಆಗಿ ಸೋಲು. ಇಲ್ಲಿ ಮಾತ್ರ ಪ್ರತಿಕ್ರಿಯೆಯ ಅಂಕಿಗೆ ಪೂರ್ತಿ ಬೆಲೆ ಬರುತ್ತದೆ. 17 ಸೆಕೆಂಡಿನ ಕೊರೊಲ್ಲಾ 11 ಸೆಕೆಂಡಿನ ಕಾರನ್ನು ನ್ಯಾಯವಾಗಿ ಸೋಲಿಸಬಹುದಾದ ಈ ವ್ಯವಸ್ಥೆಯನ್ನು ನಾನು ಬಹಳ ಮೆಚ್ಚುತ್ತೇನೆ.

ಭಾರತದಲ್ಲಿರುವವರಿಗೆ ಅಮೆರಿಕದಂತೆ ವಾರವಾರ ತೆರೆದಿರುವ ಟ್ರ್ಯಾಕ್‌ಗಳ ಅನುಕೂಲವಿಲ್ಲ. ಲೋಣಾವಳದ ಬಳಿಯ ಆಂಬಿ ವ್ಯಾಲಿ ವಿಮಾನದಾರಿಯಲ್ಲಿ ನಡೆದ ವ್ಯಾಲಿ ರನ್‌ನಂತಹ ಕೂಟಗಳಿಗೆ ಕಾಯಬೇಕಾಗುತ್ತದೆ. ಹೊರಡುವ ಮೊದಲು ಆ ಕೂಟಕ್ಕೆ ನಮ್ಮ ದೇಶದ ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಮಾನ್ಯತೆ ಇದೆಯೇ, ನಿಮಗೆ ಅದರ ಪರವಾನಗಿ ಬೇಕೇ ಎಂದು ಆಯೋಜಕರಲ್ಲಿ ವಿಚಾರಿಸಿ. ಟೈರ್, ಕ್ಲಚ್, ಚೀಟಿಗಳ ಬಗ್ಗೆ ಮೇಲೆ ಹೇಳಿದ್ದೆಲ್ಲ ಅಲ್ಲಿಗೂ ಅನ್ವಯಿಸುತ್ತದೆ.

12. ಮನೆಗೆ ಹೊರಡುವ ಮೊದಲು

ಮುಂದಿನ ಟೈರ್‌ಗಳಿಗೆ ಮತ್ತೆ ಬಾಗಿಲಿನ ಚೀಟಿಯಲ್ಲಿರುವಷ್ಟು ಗಾಳಿ ತುಂಬಿಸಿ. ಕಡಿಮೆ ಗಾಳಿಯಲ್ಲಿ ಹೆದ್ದಾರಿಯ ವೇಗದಲ್ಲಿ ಹೋದರೆ ಟೈರ್ ಒಳಗೊಳಗೇ ಬಿಸಿಯಾಗಿ ಒಡೆಯಬಹುದು. ಟ್ರ್ಯಾಕ್ಷನ್ ಕಂಟ್ರೋಲ್ ಆರಿಸಿದ್ದರೆ ಮತ್ತೆ ಹಾಕಿ, ಮ್ಯಾಟ್ ಕೊಕ್ಕೆಗೆ ಸಿಕ್ಕಿಸಿ. ಕಾರಿನ ಅಡಿಯಲ್ಲಿ ಹೊಸದಾಗಿ ಏನಾದರೂ ತೊಟ್ಟಿಕ್ಕಿದೆಯೇ ಎಂದು ಬಾಗಿ ನೋಡಿ. ಚಕ್ರದ ನಟ್‌ಗಳನ್ನು ಇನ್ನೊಮ್ಮೆ ಪರೀಕ್ಷಿಸಿ, ಎಂಜಿನ್ ಎಣ್ಣೆಯ ಮಟ್ಟ ನೋಡಿಕೊಂಡು ಹೊರಡಿ.